ವಸ್ತಿ ಬಸ್ಸು, ವಸ್ತಿ ವಿಮಾನ

ಹೋದ ಸಂಚಿಕೆಯಲ್ಲಿ ವಿಮಾನ ಕಂಪನಿ ನಡೆಸುವ ಕಂಪ್ಯೂಟರ್ ಆಟದ ಬಗ್ಗೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದೆ. ಅದೇ ತಪ್ಪಾಯಿತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ನಮ್ಮ ಉತ್ತರ ಕನ್ನಡದಲ್ಲಿ ಜನ ಹತ್ತುವ ಒಂದು ವಿಮಾನ ನಿಲ್ದಾಣ ಇನ್ನೂ ಇಲ್ಲ. ಅಂಕೋಲಾ ಹತ್ತಿರದ ಅಲಗೇರಿಯಲ್ಲಿ ಆಗುತ್ತದೆ ಅನ್ನುವ ಮಾತನ್ನು ವರ್ಷಗಟ್ಟಲೆ ಕೇಳುತ್ತಿದ್ದೇವೆ. ವಿಮಾನ ಕಂಪನಿ ಮಾತ್ರ ಮನೆಗೊಂದು ಇದೆ ಅಂತ ಈಗ ಗೊತ್ತಾಯಿತು.

ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು, ಈಗ ಶಿರಸಿಯಲ್ಲಿ ನಿವೃತ್ತ. ವಿಮಾನದ ವಿಷಯ ನನಗೆ ಹೇಳಿಕೊಡುವವಳು ಮಗಳು. ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಇಂಜಿನಿಯರ್. ಅವಳ ಥರದವರ ಸಹಿ ಬೀಳದೆ ರಿಪೇರಿಯಾದ ವಿಮಾನ ಮೇಲೇಳುವ ಹಾಗಿಲ್ಲ. ಆಟ ಆಡುವುದನ್ನು ಕಲಿತದ್ದು ಮಾತ್ರ ನಾನೇ, ಮಳೆಗಾಲದಲ್ಲಿ, ಕರೆಂಟ್ ಇದ್ದಾಗ.

ಪ್ರಶ್ನೆ: ಸರ್, ನನ್ನ ಕಂಪನಿಯ ಒಂದು ಎ320 ವಿಮಾನ ದಿನಕ್ಕೆ ಎಂಟು ಸಲ ಹಾರುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಗೋವಾ, ಮತ್ತೆ ಹುಬ್ಬಳ್ಳಿ. ಒಂದೊಂದು ಪ್ರಯಾಣಕ್ಕೆ 70 ನಿಮಿಷ, ನಡುವೆ 25 ನಿಮಿಷ ನಿಲುಗಡೆ ಇಟ್ಟಿದ್ದೇನೆ. ಬೆಳಿಗ್ಗೆ 6ಕ್ಕೆ ಶುರು, ಸಂಜೆ 6:15ಕ್ಕೆ ಮುಗಿಯಬೇಕು. ಮೊನ್ನೆ ಬೆಳಿಗ್ಗೆ ಬೆಂಗಳೂರಿನಲ್ಲಿ ಮಂಜು, ಅರ್ಧ ಗಂಟೆ ತಡವಾಯಿತು. ಕೊನೆಯ ವಿಮಾನ ಬಂದಾಗ ಹತ್ತಿರ ಹತ್ತಿರ ಎಂಟು ಗಂಟೆ! ಆಟದಲ್ಲೇ ಏನೋ ದೋಷ ಇದೆಯಾ?
— ಬಿ.ಕಾಂ. ವಿದ್ಯಾರ್ಥಿ, ಕುಮಟಾ

ತಮ್ಮಾ, ಆಟ ಸರಿ ಇದೆ. ನೀನು ಬಿ.ಕಾಂ., ಲೆಕ್ಕ ನಿನಗೇ ಬರಬೇಕಿತ್ತು.

ನೀನು ಕಳಿಸಿದ ಪಟ್ಟಿ ನೋಡಿದೆ. ನಿಲುಗಡೆಗೆ 25 ನಿಮಿಷ ಬರೆದಿದ್ದೀಯ, ಆದರೆ ನಿಜಕ್ಕೂ ಹಿಡಿದದ್ದು ಸರಾಸರಿ 35. ನೂರಎಂಬತ್ತು ಜನ ಇಳಿಯಬೇಕು, ಕಸ ಗುಡಿಸಬೇಕು, ಎಣ್ಣೆ ತುಂಬಬೇಕು, ಮತ್ತೆ ನೂರಎಂಬತ್ತು ಜನ ಹತ್ತಬೇಕು. 25 ಅನ್ನುವುದು ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ. ಎಂಟು ಪ್ರಯಾಣಕ್ಕೆ ಏಳು ನಿಲುಗಡೆ. ಒಂದೊಂದರಲ್ಲಿ 10 ನಿಮಿಷ ಸೋರಿದರೆ 70 ನಿಮಿಷ. ಮಂಜಿನದ್ದು 30. ಒಟ್ಟು 100. ಆರೂಕಾಲಕ್ಕೆ ನೂರು ನಿಮಿಷ ಸೇರಿಸಿ ನೋಡು, ಎಂಟಕ್ಕೆ ಐದು ನಿಮಿಷ ಕಡಿಮೆ. ಮಂಜು ತಿಂದದ್ದು 30, ನೀನು ತಿಂದದ್ದು 70. ಬೈಗಳ ಪೂರ್ತಿ ಮಂಜಿಗೆ.

ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಇದೇ ಕತೆ. ಮೇಲಿನವರು ಕಾಗದದ ಮೇಲೆ ಕುಮಟಾ–ಶಿರಸಿ ಟ್ರಿಪ್ ಬರೆಯುತ್ತಿದ್ದರು. ದೇವಿಮನೆ ಘಟ್ಟದಲ್ಲಿ ಮುಂದೆ ಒಂದು ಲಾರಿ ಸಿಕ್ಕಿದರೆ ಏನಾಗುತ್ತದೆ ಅನ್ನುವುದು ಕಾಗದಕ್ಕೆ ಗೊತ್ತಿಲ್ಲ. ಬೆಳಗಿನ ಟ್ರಿಪ್ಪಿನಲ್ಲಿ ಹತ್ತು ನಿಮಿಷ ಹೋದರೆ ಡ್ರೈವರ್ ಚಹಾ ಬಿಟ್ಟು ಸರಿ ಮಾಡುತ್ತಿದ್ದ. ಮಧ್ಯಾಹ್ನ ಮತ್ತೆ ಹತ್ತು ಹೋದರೆ ಊಟ ಬಿಡುತ್ತಿದ್ದ. ಸಂಜೆ ಬಿಡಲು ಅವನ ಹತ್ತಿರ ಏನೂ ಉಳಿದಿರುತ್ತಿರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು.

ಈಗ ಪರಿಹಾರ. ಏಳು ನಿಲುಗಡೆಯಲ್ಲಿ ಆರಕ್ಕೆ 35 ನಿಮಿಷ ಬರೆ. ನಾಲ್ಕನೆಯ ಪ್ರಯಾಣ ಮುಗಿದ ಮೇಲೆ ಬೆಂಗಳೂರಿನಲ್ಲಿ ಒಂದು ದೊಡ್ಡ ನಿಲುಗಡೆ ಕೊಡು, 75 ನಿಮಿಷ. ದಿನ ಮುಗಿಯುವುದು ರಾತ್ರಿ 8:05ಕ್ಕೆ. ಅಯ್ಯೋ ಎರಡು ಗಂಟೆ ಹೋಯಿತಲ್ಲ ಅನ್ನಬೇಡ. ಮೊನ್ನೆಯೂ ಎಂಟಕ್ಕೇ ಬಂತು ಅಲ್ವಾ? ಆಗ ಎಂಟೂ ಪ್ರಯಾಣ ತಡ ಅನ್ನಿಸಿಕೊಂಡವು. ಈ ಪಟ್ಟಿಯಲ್ಲಿ ಅದೇ ಮಂಜು ಬಿದ್ದರೂ ಮೊದಲ ನಾಲ್ಕು ಮಾತ್ರ ತಡ. ಮಧ್ಯಾಹ್ನದ ದೊಡ್ಡ ನಿಲುಗಡೆಯಲ್ಲಿ 40 ನಿಮಿಷ ಜಾಸ್ತಿ ಇದೆ, ಮಂಜಿನ ಮೂವತ್ತು ಅಲ್ಲಿ ಮುಳುಗಿ ಹೋಗುತ್ತದೆ. ಕೊನೆಯ ನಾಲ್ಕೂ ಸರಿಯಾದ ಹೊತ್ತಿಗೆ. ಹೆಚ್ಚಿನ ಕಡೆ ಲೆಕ್ಕ ಹಾಕುವುದು ಹದಿನೈದು ನಿಮಿಷದ ಗೆರೆ ಇಟ್ಟುಕೊಂಡು. ಅದರ ಒಳಗಿದ್ದರೆ ವಿಮಾನ ಸಮಯಕ್ಕೆ ಬಂತು ಅಂತಲೇ ಅರ್ಥ. ಆಟಗಳೂ ಸುಮಾರಾಗಿ ಅದನ್ನೇ ಹಿಡಿಯುತ್ತವೆ.

ಇನ್ನೊಂದು ಕೆಲಸ ಮಾಡು. ಒಂದು ನೋಟ್‌ಬುಕ್ ಇಟ್ಟು ಪ್ರತಿ ತಡಕ್ಕೂ ಕಾರಣ ಬರೆ. ನಿಜವಾದ ಕಂಪನಿಗಳು ಪ್ರಪಂಚದ ಹೆಚ್ಚಿನ ಕಡೆ ಇದಕ್ಕೆ ಒಂದೇ ಥರದ ನಂಬರ್ ಬಳಸುತ್ತವೆ. ವಿಮಾನದಲ್ಲಿ ದೋಷ ಕಂಡರೆ 41. ಹೊರಡುವ ಊರಿನ ಹವೆ ಕೆಟ್ಟಿದ್ದರೆ 71, ಹೋಗುವ ಊರಿನದ್ದಾದರೆ 72. ಹಿಂದಿನ ಪ್ರಯಾಣದಿಂದಲೇ ವಿಮಾನ ತಡವಾಗಿ ಬಂದಿದ್ದರೆ 93. ಮಗಳು ಇದನ್ನು ಹೇಳಿದ ದಿನ ನಾನು ನನ್ನ ಆಟದ ಒಂದು ವಾರದ ಲೆಕ್ಕ ಬರೆದೆ. ಪುಟ ತುಂಬ 93. ಅದು ಕಾರಣವೇ ಅಲ್ಲ, ಬೆಳಗಿನ ಕಾರಣದ ಮೊಮ್ಮಗ. ಅಜ್ಜನನ್ನು ಹುಡುಕು.

ಕೊನೆಯ ಪ್ರಯಾಣ ಕೆಲವು ಸಲ ತಾನಾಗಿ ರದ್ದಾಗುತ್ತದೆ ಅಂತಲೂ ಬರೆದಿದ್ದೀಯ. ಅದು ಪೈಲಟ್‌ಗಳ ಡ್ಯೂಟಿ ಗಂಟೆ ಮುಗಿದದ್ದು. ನಿಜದಲ್ಲೂ ಹಾಗೇ. ಡ್ಯೂಟಿ ಮಿತಿ ದಾಟುತ್ತದೆ ಅಂದರೆ ವಿಮಾನ ಎಷ್ಟೇ ಚೆನ್ನಾಗಿರಲಿ, ಹೊರಡುವುದಿಲ್ಲ. ಆ ಎಂಟು ಪ್ರಯಾಣವನ್ನು ಎರಡು ತಂಡಕ್ಕೆ ಹಂಚು. ತಂಡ ಬದಲಾಗುವುದೂ ಆ ದೊಡ್ಡ ನಿಲುಗಡೆಯಲ್ಲೇ ಆಗಲಿ.

ಪ್ರಶ್ನೆ: ತಡವಾಗಿ ಹೊರಟ ವಿಮಾನವನ್ನು ಜೋರಾಗಿ ಓಡಿಸಿ ಸಮಯ ಸರಿಮಾಡಬಹುದಲ್ಲ? ನನ್ನ ಆಟದಲ್ಲಿ ವೇಗ ಜಾಸ್ತಿ ಮಾಡುವ ಬಟನ್ ಇದೆ.
— ಯಲ್ಲಾಪುರ

ಅರಬೈಲ್ ಘಟ್ಟದಲ್ಲಿ ಬಸ್ಸಿನವನು ಎಷ್ಟು ಸಮಯ ಉಳಿಸಬಲ್ಲ? ಅಷ್ಟೇ. ಒಂದು ಗಂಟೆಯ ಪ್ರಯಾಣದಲ್ಲಿ ಅರ್ಧ ಹೊತ್ತು ಏರುವುದು, ಇಳಿಯುವುದು, ನೆಲದ ಮೇಲೆ ಉರುಳುವುದು. ಎರಡು ಮೂರು ನಿಮಿಷ ಸಿಕ್ಕರೆ ಪುಣ್ಯ, ಎಣ್ಣೆ ಮಾತ್ರ ಜಾಸ್ತಿ ಕುಡಿಯುತ್ತದೆ. ದೆಹಲಿಯಂಥ ದೂರದ ದಾರಿಯಲ್ಲಾದರೆ ಸ್ವಲ್ಪ ಗಿಟ್ಟೀತು.

ಪ್ರಶ್ನೆ: ಸರ್, ನಾನು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆಡುತ್ತೇನೆ. ಆರು ವಿಮಾನ ಒಂದೇ ದಿನ ಖರೀದಿಸಿದೆ. ಎಲ್ಲವೂ ದಿನಕ್ಕೆ ಹತ್ತು ಗಂಟೆ ಹಾರುತ್ತವೆ. ಐವತ್ತನೆಯ ದಿನ ಆರೂ ವಿಮಾನಕ್ಕೆ 'ಎ ಚೆಕ್ ಬಾಕಿ' ಅಂತ, ಅಂದರೆ ಸಣ್ಣ ಸರ್ವಿಸ್ ಬಾಕಿ ಅಂತ, ಕೆಂಪು ಬಂತು, ಆರೂ ನಿಂತವು. ಎರಡು ದಿನ ಕಂಪನಿಯೇ ಬಂದ್. ಮಗ ನಗುತ್ತಾನೆ. ಹೇಗೆ ತಪ್ಪಿಸುವುದು?
— ಗೃಹಿಣಿ, ಶಿರಸಿ ತಾಲೂಕು

ತಂಗಿ, ಮಗ ನಗಲಿ ಬಿಡು. ದೊಡ್ಡ ದೊಡ್ಡವರು ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ನಾನೂ ಬಿದ್ದಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮದು ತೋಟದ ಮನೆ ಅಂತ ಪತ್ರದಲ್ಲಿ ಇತ್ತು. ಹಾಗಾದರೆ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಊರಿಗೆ ಒಬ್ಬನೇ ಕೊನೆಗೌಡ, ತೋಟ ಆರು. ಆರೂ ಮನೆಯವರು ಸೋಮವಾರವೇ ಬಾ ಅಂದರೆ ಅವನು ಯಾರ ಮರ ಹತ್ತುತ್ತಾನೆ? ಆರು ಮನೆಯವರು ಮೊದಲೇ ಕೂತು ವಾರ ಹಂಚಿಕೊಂಡರೆ ಎಲ್ಲರ ಅಡಿಕೆಯೂ ಅಂಗಳಕ್ಕೆ ಬರುತ್ತದೆ. ಒಬ್ಬರದ್ದು ಸ್ವಲ್ಪ ಎಳೆಯದಿರುವಾಗಲೇ ಇಳಿಯುತ್ತದೆ, ಒಬ್ಬರದ್ದು ಸ್ವಲ್ಪ ಬಲಿತು. ಹ್ಯಾಂಗರ್, ಅಂದರೆ ವಿಮಾನದ ಸರ್ವಿಸ್ ಮಾಡುವ ಶೆಡ್ಡು, ನಿನ್ನ ಕೊನೆಗೌಡ.

ನಿನ್ನ ಆಟದಲ್ಲಿ ಎ ಚೆಕ್ ಬರುವುದು 500 ಗಂಟೆಗೆ. ದಿನಕ್ಕೆ ಹತ್ತು ಗಂಟೆ ಅಂದರೆ 50 ದಿನ. ಆರು ವಿಮಾನಕ್ಕೆ ಭಾಗಿಸಿದರೆ ಎಂಟು ದಿನಕ್ಕೆ ಒಂದು. ಆದ್ದರಿಂದ ಮೊದಲನೆಯದನ್ನು ಎಂಟನೆಯ ದಿನವೇ ಒಳಗೆ ಹಾಕು, ಬರೀ 80 ಗಂಟೆ ಹಾರಿರುತ್ತದೆ. ಎರಡನೆಯದು 160ಕ್ಕೆ, ಮೂರನೆಯದು 240ಕ್ಕೆ. ಆರನೆಯದು 48ನೆಯ ದಿನ, 480 ಗಂಟೆಗೆ. ಹೊಸ ವಿಮಾನಕ್ಕೆ 80 ಗಂಟೆಗೇ ದುಡ್ಡು ಸುರಿಯುವುದಾ ಅಂತ ಹೊಟ್ಟೆ ಉರಿಯುತ್ತದೆ. ಮೊದಲನೆಯದರಲ್ಲಿ 420 ಗಂಟೆ ಹಾಳು, ನಿಜ. ಆದರೆ ಆ ನಷ್ಟ ಒಂದೇ ಸಲ. ಆಮೇಲೆ ಎಲ್ಲ ವಿಮಾನವೂ ಪೂರ್ತಿ 500 ಗಂಟೆ ಹಾರಿಯೇ ಬರುತ್ತದೆ, ಎಂಟು ದಿನಕ್ಕೆ ಒಂದರಂತೆ, ಸಾಲಾಗಿ. ಎರಡು ದಿನ ಕಂಪನಿ ಬಂದ್ ಆದಾಗ ಎಷ್ಟು ಹೋಯಿತು ಅಂತ ಒಮ್ಮೆ ನೋಡಿಕೋ.

ನಿಜವಾದ ವಿಮಾನದಲ್ಲಿ ಈ ಗಂಟೆ ಮಾದರಿಯ ಮೇಲೆ ಹೋಗುತ್ತದೆ. ಹಳೆಯ ರೂಢಿ 400ರಿಂದ 600 ಗಂಟೆ. ಹೊಸ ವಿಮಾನಗಳಿಗೆ ಅದಕ್ಕಿಂತ ಜಾಸ್ತಿ ಬಿಡುತ್ತಾರೆ. ಎ ಚೆಕ್ ಒಂದು ರಾತ್ರಿಯ ಕೆಲಸ. ಸಿ ಚೆಕ್ ಅಂದರೆ ದೊಡ್ಡ ಸರ್ವಿಸ್, ಅದು ಹಾಗಲ್ಲ. ಸುಮಾರು ಒಂದೂವರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬಂದರೆ ವಿಮಾನ ವಾರ, ಎರಡು ವಾರ ಹ್ಯಾಂಗರಿನಲ್ಲೇ. ಎ ಚೆಕ್ ಅನ್ನು ರಾತ್ರಿಯೇ ಮುಗಿಸಿಬಿಡಬಹುದು, ಸಿ ಚೆಕ್ಕಿಗೆ ಪಂಚಾಂಗ ನೋಡಬೇಕು. ನಮ್ಮ ದೇಶದಲ್ಲಿ ಮಳೆಗಾಲ, ಅಂದರೆ ಜುಲೈನಿಂದ ಸೆಪ್ಟೆಂಬರ್, ಪ್ರಯಾಣಿಕರು ಕಡಿಮೆ ಇರುವ ಹೊತ್ತು. ದೊಡ್ಡ ರಿಪೇರಿ ಆಗ ಮಾಡಿಸಿಕೊಂಡರೆ ದಸರಾ ದೀಪಾವಳಿಗೆ ಎಲ್ಲ ವಿಮಾನ ಕೈಯಲ್ಲಿರುತ್ತದೆ.

ಈಗ ನಾನು ಬಿದ್ದ ಹಳ್ಳ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಂತ ಶಿರಸಿಯವಳಿಗೆ ಹೇಳಬೇಕಾಗಿಲ್ಲ. ಅಂದರೆ ನಮಗೆ ಎರಡು ವರ್ಷ ಮೊದಲೇ ಗೊತ್ತು. ಹಾಗಿದ್ದೂ ಒಂದು ಜಾತ್ರೆಯ ವರ್ಷ ನಾನಿದ್ದ ಡಿಪೋದಲ್ಲಿ ಹನ್ನೊಂದು ಬಸ್ಸಿನ ಡಾಕಿಂಗ್ ಜಾತ್ರೆಯ ವಾರಕ್ಕೇ ಬಂದು ಕೂತಿತ್ತು. ಡಾಕಿಂಗ್ ಅಂದರೆ ಬಸ್ಸಿನ ಎ ಚೆಕ್ ಅಂದುಕೋ. ಗೋಡೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕಿಲೋಮೀಟರ್ ಬರೆದಿತ್ತು, ಹದಿನೈದು ದಿನದಿಂದ ಕಾಣುತ್ತಿತ್ತು. ಯಾರೂ ಮುಂಚೆ ಒಳಗೆ ಹಾಕಲಿಲ್ಲ. 'ಇನ್ನೂ ಕಿಲೋಮೀಟರ್ ಇದೆಯಲ್ಲ, ಓಡಲಿ' ಅಂದವರಲ್ಲಿ ನಾನೂ ಒಬ್ಬ. ಜಾತ್ರೆ ಬಂತು, ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇಲ್ಲ. ಡಾಕಿಂಗ್ ಬಾಕಿ ಇದ್ದ ಒಂದು ಬಸ್ಸನ್ನು ರಾತ್ರಿ ಸ್ಪೆಷಲ್ ಅಂತ ಕೆಳಗೆ ಕಳಿಸಿದೆ. ಘಟ್ಟದ ನಡುವೆ ಬೆಲ್ಟ್ ಹರಿದು ಇಂಜಿನ್ ಕುದಿಯಿತು. ಅರವತ್ತು ಜನ, ಆಟಿಕೆ ಬುಟ್ಟಿ, ನಿದ್ದೆಯ ಮಕ್ಕಳು, ಕಗ್ಗತ್ತಲೆ. ಬದಲಿ ಬಸ್ಸು ಕಳಿಸೋಣ ಅಂದರೆ ಡಿಪೋದಲ್ಲಿ ಒಂದೂ ಇಲ್ಲ, ಎಲ್ಲ ಸ್ಪೆಷಲ್‌ಗೆ ಹೋಗಿವೆ. ಅವರು ಊರು ಮುಟ್ಟಿದಾಗ ಬೆಳಕು ಹರಿದಿತ್ತು. ಬೈದವರು ಜಾಸ್ತಿ ಇರಲಿಲ್ಲ. ಒಬ್ಬ ಅಜ್ಜಿ ಮಾತ್ರ ಮರುವಾರ ಸ್ಟ್ಯಾಂಡಿಗೆ ಬಂದಾಗ ನನ್ನ ಕಿಟಕಿಯ ಹತ್ತಿರ ನಿಂತು, 'ಇವತ್ತಿನ ಬಸ್ಸು ಮನೆವರೆಗೆ ಹೋಗ್ತದಾ ತಮ್ಮಾ?' ಅಂತ ಕೇಳಿದಳು. ಇವತ್ತಿಗೂ ಆ ಕಿಟಕಿ ಕನಸಿನಲ್ಲಿ ಬರುತ್ತದೆ.

ಪ್ರಶ್ನೆ: ಹತ್ತು ವಿಮಾನ ಇಟ್ಟುಕೊಂಡು ಒಂದನ್ನು ಸುಮ್ನೆ ನಿಲ್ಲಿಸಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಅದರ ಬಾಡಿಗೆ ಯಾರು ಕಟ್ಟುತ್ತಾರೆ?
— ಅಂಕೋಲಾ

ನೀವೇ ಕಟ್ಟುತ್ತೀರಿ ಮಾರಾಯ್ರೆ, ಇನ್ಯಾರು? ಆದರೆ ಅದು ಸುಮ್ನೆ ನಿಂತಿರುವುದಿಲ್ಲ. ಮೇಲಿನ ಪತ್ರದ ಲೆಕ್ಕ ಹಿಡಿಯಿರಿ. ಹತ್ತು ವಿಮಾನ, ಐದು ದಿನಕ್ಕೊಂದು ಎ ಚೆಕ್, ವರ್ಷದಲ್ಲಿ ಐದಾರು ಸಿ ಚೆಕ್. ಸ್ಪೇರ್ ಅನ್ನಿಸಿಕೊಂಡದ್ದು ಹೆಚ್ಚಿನ ದಿನ ಯಾವುದೋ ಒಂದರ ಬದಲಿಗೆ ಹಾರುತ್ತಲೇ ಇರುತ್ತದೆ. ನಾಲ್ಕೇ ವಿಮಾನ ಇದ್ದವರಿಗೆ ಒಂದು ಸ್ಪೇರ್ ಭಾರ, ಒಪ್ಪುತ್ತೇನೆ. ಅವರು ಒಂದು ವಿಮಾನದ ಪಟ್ಟಿಯನ್ನು ಮಧ್ಯಾಹ್ನಕ್ಕೇ ಮುಗಿಸಿ, ಸಂಜೆ ಖಾಲಿ ಬಿಡಲಿ. ಅರ್ಧ ಸ್ಪೇರ್. ಒಂದೇ ಜಾತಿಯ ವಿಮಾನ ಇದ್ದರೆ ಮಾತ್ರ ಇದು ನಡೆಯುತ್ತದೆ. ಎಪ್ಪತ್ತೆರಡು ಸೀಟಿನ ಎಟಿಆರ್ ನಿಲ್ಲಿಸಿಕೊಂಡು ನೂರಎಂಬತ್ತು ಜನರ ಎ320ಗೆ ಬದಲಿ ಕೊಡಲು ಹೋದರೆ ನೂರಎಂಟು ಜನ ನೆಲದ ಮೇಲೆ. ಮಿನಿಬಸ್ಸನ್ನು ಕಾರವಾರ–ಹುಬ್ಬಳ್ಳಿಗೆ ಬಿಟ್ಟ ಹಾಗೆ.

ಪ್ರಶ್ನೆ: ನನ್ನ ನಾಲ್ಕು ವಿಮಾನಗಳಲ್ಲಿ ಒಂದು ರಾತ್ರಿ ಹುಬ್ಬಳ್ಳಿಯಲ್ಲಿ, ಒಂದು ಮಂಗಳೂರಿನಲ್ಲಿ, ಒಂದು ಗೋವಾದಲ್ಲಿ ನಿಲ್ಲುತ್ತದೆ. ನಾಲ್ಕನೆಯದು ಬೆಂಗಳೂರಿನಲ್ಲಿ. ಬೆಳಗಿನ ಮೊದಲ ವಿಮಾನಕ್ಕೆ ಆ ಊರುಗಳಿಂದ ಜನ ತುಂಬಿ ಬರುತ್ತಾರೆ, ಹಾಗಾಗಿ ಬದಲಿಸಲು ಮನಸ್ಸಿಲ್ಲ. ಆದರೆ ಹ್ಯಾಂಗರ್ ಇರುವುದು ಬೆಂಗಳೂರಿನಲ್ಲಿ ಮಾತ್ರ. ಸರ್ವಿಸ್ ಬಂದಾಗೆಲ್ಲ ಹಗಲಿನ ಪ್ರಯಾಣ ರದ್ದು ಮಾಡಿ ತರುತ್ತಿದ್ದೇನೆ.
— ಬ್ಯಾಂಕ್ ನೌಕರ, ಕಾರವಾರ

ನನಗೆ ಈ ಸಲದ ಪತ್ರಗಳಲ್ಲಿ ಇಷ್ಟವಾದದ್ದು ಇದು. ಯಾಕೆಂದರೆ ಇದು ವಸ್ತಿ ಬಸ್ಸಿನ ಪ್ರಶ್ನೆ.

ಘಟ್ಟದ ಮೇಲಿನ ಹಳ್ಳಿಗೆ ರಾತ್ರಿ ಹೋಗಿ, ಅಲ್ಲೇ ಮಲಗಿ, ಬೆಳಿಗ್ಗೆ ಕಾಲೇಜು ಮಕ್ಕಳನ್ನೂ ಹಾಲಿನ ಕ್ಯಾನನ್ನೂ ತುಂಬಿಕೊಂಡು ಬರುವ ಬಸ್ಸು. ಊರಿನವರಿಗೆ ಅದು ಜೀವ. ಡಿಪೋದ ಮೆಕ್ಯಾನಿಕ್‌ಗೆ ಅದು ಕಣ್ಣಿಗೆ ಬೀಳದ ಬಸ್ಸು. ಮೆಕ್ಯಾನಿಕ್ ಕೆಲಸ ಮಾಡುವುದು ರಾತ್ರಿ, ಬಸ್ಸು ರಾತ್ರಿ ಹಳ್ಳಿಯಲ್ಲಿ. ಒಂದೇ ಗಾಡಿಯನ್ನು ದಿನವೂ ಅದೇ ವಸ್ತಿಗೆ ಬಿಟ್ಟರೆ ಒಂದು ದಿನ ಕೈಕೊಡುವುದೇ. ನಾವು ಮಾಡುತ್ತಿದ್ದ ಉಪಾಯ, ವಸ್ತಿ ಬದಲಿಸುವುದಲ್ಲ, ಗಾಡಿ ಬದಲಿಸುವುದು.

ನಿಮ್ಮ ನಾಲ್ಕು ಪಟ್ಟಿಗಳನ್ನು ಒಂದು ಸರಪಳಿ ಮಾಡಿ. ಮೊದಲ ಪಟ್ಟಿ ಬೆಳಿಗ್ಗೆ ಬೆಂಗಳೂರಿನಲ್ಲಿ ಶುರುವಾಗಿ ರಾತ್ರಿ ಹುಬ್ಬಳ್ಳಿಯಲ್ಲಿ ಮುಗಿಯಲಿ. ಎರಡನೆಯದು ಹುಬ್ಬಳ್ಳಿಯಲ್ಲಿ ಶುರು, ಮಂಗಳೂರಿನಲ್ಲಿ ಮುಕ್ತಾಯ. ಮೂರನೆಯದು ಮಂಗಳೂರಿನಿಂದ ಗೋವಾಕ್ಕೆ. ನಾಲ್ಕನೆಯದು ಗೋವಾದಲ್ಲಿ ಎದ್ದು ರಾತ್ರಿ ಬೆಂಗಳೂರಿಗೆ. ಹಗಲಿಡೀ ನಡುವೆ ಎಲ್ಲಿ ಬೇಕಾದರೂ ಹಾರಲಿ. ಇವತ್ತು ಮೊದಲ ಪಟ್ಟಿಯಲ್ಲಿದ್ದ ವಿಮಾನ ನಾಳೆ ತಾನಾಗಿ ಎರಡನೆಯದಕ್ಕೆ ಬರುತ್ತದೆ. ಮೂರೂ ಊರಿಗೆ ಬೆಳಗಿನ ವಿಮಾನ ಹಾಗೇ ಉಳಿಯಿತು. ಪ್ರತಿ ವಿಮಾನವೂ ನಾಲ್ಕು ರಾತ್ರಿಗೆ ಒಮ್ಮೆ ಬೆಂಗಳೂರಿನ ಹ್ಯಾಂಗರ್ ಪಕ್ಕ ಮಲಗುತ್ತದೆ. ಎ ಚೆಕ್ ಬಾಕಿ ಇದ್ದರೆ ಆ ರಾತ್ರಿ ಮುಗಿಸಿ. ಗಂಟೆ ಮುಗಿಯಲು ನಾಲ್ಕು ದಿನಕ್ಕಿಂತ ಕಡಿಮೆ ಇದೆ ಅಂತ ಕಂಡರೆ ಈ ಸಲವೇ ಮುಗಿಸಿ, ಮುಂದಿನ ಸುತ್ತಿಗೆ ಕಾಯಬೇಡಿ. ನಾನು ಹೀಗೆ ಮಾಡಿದ ಮೇಲೆ ಸರ್ವಿಸ್‌ಗಾಗಿ ಒಂದು ಪ್ರಯಾಣವನ್ನೂ ರದ್ದು ಮಾಡಿಲ್ಲ. ಆಟ ಏರ್‌ಲೈನ್‌ಸಿಮ್ ಆಗಿದ್ದರೆ ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ನಮ್ಮ ಒಂದು ಗಂಟೆ ಅಂದರೆ ಆಟದಲ್ಲೂ ಒಂದೇ ಗಂಟೆ. ತಪ್ಪನ್ನು ಬೇಗ ಓಡಿಸಿ ದಾಟಲು ಆಗುವುದಿಲ್ಲ.

ಗೋವಾದ ಬಗ್ಗೆ ಒಂದು ಮಾತು, ಕಾರವಾರದವರಿಗೆ ಗೊತ್ತಿದ್ದರೂ. ಅಲ್ಲಿನ ಹಳೆಯ ನಿಲ್ದಾಣ ದಾಬೋಲಿಮ್ ನೌಕಾಪಡೆಯ ನೆಲ. ಅವರ ತರಬೇತಿ ಇರುವ ಬೆಳಗಿನ ಹೊತ್ತಿನಲ್ಲಿ ನಾಗರಿಕ ವಿಮಾನಗಳಿಗೆ ಜಾಗ ಬಿಗಿ. ನಿಮ್ಮ ಆಟ ಅದನ್ನೂ ಲೆಕ್ಕಕ್ಕೆ ಹಿಡಿದಿದ್ದರೆ ಗೋವಾದ ಮೊದಲ ವಿಮಾನವನ್ನು ನಸುಕಿನಲ್ಲೇ ಎಬ್ಬಿಸಿ ಕಳಿಸಿ. ಅದು ಆಗದಿದ್ದರೆ 2023ರ ಜನವರಿಯಲ್ಲಿ ಶುರುವಾದ ಗೋವಾದ ಇನ್ನೊಂದು ನಿಲ್ದಾಣ ಮೋಪಾಕ್ಕೆ ಹೋಗಿ.

ಪ್ರಶ್ನೆ: ಸರ್ವಿಸ್ ಖರ್ಚು ಉಳಿಸೋಣ ಅಂತ ಮೂರು ತಿಂಗಳು ಮಾಡಿಸಲಿಲ್ಲ. ಲಾಭ ಚೆನ್ನಾಗಿ ಬಂತು. ಈಗ ವಿಮಾನದ ಸ್ಥಿತಿ 60 ಅಂತ ತೋರಿಸುತ್ತಿದೆ, ದಿನಾ ಒಂದಲ್ಲ ಒಂದು ಕೆಡುತ್ತದೆ. ನಿಜವಾದ ವಿಮಾನವೂ ಸಣ್ಣ ಪುಟ್ಟ ದೋಷ ಇಟ್ಟುಕೊಂಡೇ ಹಾರುತ್ತದಂತೆ, ಹೌದಾ?
— ಪಿಯುಸಿ, ಹೊನ್ನಾವರ

ಹೌದು. ಹಾರುತ್ತದೆ. ಆದರೆ ನೀನು ಅಂದುಕೊಂಡ ಹಾಗಲ್ಲ.

ಯಾವ ವಸ್ತು ಕೆಟ್ಟಿದ್ದರೂ ಹಾರಬಹುದು, ಎಷ್ಟು ದಿನ ಹಾರಬಹುದು ಅನ್ನುವುದಕ್ಕೆ ಪ್ರತಿ ವಿಮಾನಕ್ಕೂ ಒಂದು ಪಟ್ಟಿ ಇದೆ. ಎಂಇಎಲ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ವರ್ಗ, ಎ ಚೆಕ್ ಸಿ ಚೆಕ್‌ಗೂ ಇದಕ್ಕೂ ಸಂಬಂಧ ಇಲ್ಲ. ಬಿ ವರ್ಗದ್ದಾದರೆ ಮೂರು ದಿನದ ಒಳಗೆ ಸರಿಯಾಗಬೇಕು. ಸಿ ಆದರೆ ಹತ್ತು ದಿನ. ಡಿ ಆದರೆ 120 ದಿನ. ಎ ವರ್ಗಕ್ಕೆ ಅಲ್ಲಲ್ಲೇ ಬೇರೆ ಬೇರೆ ಗಡುವು ಬರೆದಿರುತ್ತದೆ. ಪಟ್ಟಿಯಲ್ಲಿ ಇಲ್ಲದ ಮುಖ್ಯ ವಸ್ತು ಕೆಟ್ಟರೆ ವಿಮಾನ ಅಲ್ಲೇ ನಿಲ್ಲಬೇಕು. ಅಂದರೆ ಇದು ರಿಪೇರಿ ಬೇಡ ಅನ್ನುವ ಪಟ್ಟಿಯಲ್ಲ, ರಿಪೇರಿಗೆ ತಾರೀಕು ಹಾಕುವ ಪಟ್ಟಿ. ಗಡುವು ಮುಗಿಯುವ ರಾತ್ರಿ ವಿಮಾನ ಎಲ್ಲಿ ಮಲಗಿರುತ್ತದೆ ಅನ್ನುವುದೇ ನನ್ನ ಮಗಳಿಗೆ ತಲೆನೋವು. 'ಅಪ್ಪಾ, ಬಿಡಿಭಾಗ ಒಂದು ಊರಲ್ಲಿ, ವಿಮಾನ ಇನ್ನೊಂದು ಊರಲ್ಲಿ' ಅನ್ನುತ್ತಾಳೆ.

ಕೆಲವು ಆಟಗಳಲ್ಲಿ ಇದು ಇನ್ನೂ ಸರಳ. ಓಪನ್‌ಟಿಟಿಡಿ ಅಂತ ಒಂದು ಉಚಿತ ಆಟ, 1995ರ ಹಳೆಯ ಆಟವೊಂದರ ಮೇಲೆ ಕಟ್ಟಿದ್ದು. ನಾನು ಕಲಿತದ್ದು ಅದರಲ್ಲೇ. ಅದರಲ್ಲಿ ಸರ್ವಿಸ್ ಗಡುವು ಮೊದಲಿಗೆ 150 ದಿನ ಅಂತ ಇರುತ್ತದೆ. ತಪ್ಪಿದಷ್ಟೂ ನಂಬಿಕೆಯ ಅಂಕಿ ಇಳಿಯುತ್ತದೆ. ಬಸ್ಸು ಕೆಟ್ಟರೆ ರಸ್ತೆಯಲ್ಲಿ ನಿಲ್ಲುತ್ತದೆ. ವಿಮಾನ ಆಕಾಶದಲ್ಲಿ ನಿಲ್ಲಲಾರದಲ್ಲ, ಅದಕ್ಕೇ ಗಂಟೆಗೆ 320 ಕಿಲೋಮೀಟರ್‌ಗೆ ಇಳಿದು ಕುಂಟುತ್ತದೆ. ಹಿಂದೆ ಬರುವವೆಲ್ಲ ತಡ.

ನಿನ್ನ ಮೂರು ತಿಂಗಳ ಲಾಭ ಲಾಭವಲ್ಲ ತಮ್ಮಾ, ಸಾಲ. ಈಗ ಒಂದು ವಿಮಾನವನ್ನು ಪೂರ್ತಿ ಕೆಳಗಿಳಿಸು, ಅದರ ಪ್ರಯಾಣಗಳನ್ನು ಮಾರಾಟಕ್ಕೆ ಇಡಬೇಡ. ಅದು ನೂರಕ್ಕೆ ಬಂದ ಮೇಲೆ ಎರಡನೆಯದು. ಟಿಕೆಟ್ ಮಾರಿ ಆಮೇಲೆ ರದ್ದು ಮಾಡಿದರೆ ಹೆಸರೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ನಮ್ಮ ದೇಶದ ನಿಯಮದಲ್ಲಿ ಒಂದೆರಡು ಗಂಟೆಯ ಸಣ್ಣ ಪ್ರಯಾಣ ಎರಡು ಗಂಟೆ ತಡವಾದರೆ ಕಾಯುವವರಿಗೆ ತಿಂಡಿ ಕೊಡಬೇಕು. ಆಟದಲ್ಲಿ ಎರಡನೆಯ ಗಂಟೆಗೆ ಹಣ ಕಡಿತವಾಗುವುದು ಅದಕ್ಕೇ ಇರಬಹುದು, ನೋಡು.

ಪ್ರಶ್ನೆ: ಮಳೆಗಾಲದ ನಾಲ್ಕು ತಿಂಗಳು ನನ್ನ ಮಂಗಳೂರು ವಿಮಾನ ತಡವಾಗದ ದಿನವೇ ಇಲ್ಲ. ಪರಿಹಾರ?
— ಭಟ್ಕಳ

ಕೊಂಕಣ ರೈಲ್ವೆಯವರು ಮಾಡುವುದನ್ನೇ ಮಾಡಿ. ಮಳೆಗಾಲಕ್ಕೆ ಅವರದ್ದು ಬೇರೆಯೇ ವೇಳಾಪಟ್ಟಿ. ಎಷ್ಟೋ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿತ್ತು. ರೈಲು ನಿಧಾನ ಹೋಗುತ್ತದೆ ಅಂತ ಮೊದಲೇ ಒಪ್ಪಿಕೊಂಡು ಪುಸ್ತಕದಲ್ಲೇ ಬರೆದುಬಿಡುತ್ತಾರೆ. ಮಳೆ ಬರುತ್ತದೆ ಅಂತ ಭಟ್ಕಳದವರಿಗೆ ಯಾರಾದರೂ ಹೇಳಬೇಕಾ? ನೀವೂ ಎರಡು ಪಟ್ಟಿ ಇಟ್ಟುಕೊಳ್ಳಿ, ಒಂದು ಬಿಸಿಲಿಗೆ, ಒಂದು ಮಳೆಗೆ. ಮಂಗಳೂರಿನ ರನ್‌ವೇ ಗುಡ್ಡದ ತಲೆಯ ಮೇಲಿದೆ. ಅಲ್ಲಿ ಇಳಿಯಲಾಗದೆ ವಾಪಸ್ ಬಂದ ವಿಮಾನವನ್ನು ಬೈಯಬೇಡಿ. ವಾಪಸ್ ಬಂದರೆ ಹಿಡಿಯುವ ಹೊತ್ತನ್ನೂ ಮಳೆಯ ಪಟ್ಟಿಯಲ್ಲಿ ಸೇರಿಸಿಡಿ.

ಪ್ರಶ್ನೆ: ಅಜ್ಜಾ, ನಮ್ಮೂರ ಬೀಚಿನಲ್ಲಿ ನಿಂತಿರುವ ದೊಡ್ಡ ವಿಮಾನ ಹಾರುವುದೇ ಇಲ್ಲ. ಅದಕ್ಕೂ ಸರ್ವಿಸ್ ಬೇಕಾ? ನನ್ನ ಆಟದಲ್ಲಿ ನಿಲ್ಲಿಸಿಟ್ಟ ವಿಮಾನಕ್ಕೂ ಸರ್ವಿಸ್ ಕೇಳುತ್ತಿದೆ, ಅದು ಮೋಸ ಅಲ್ವಾ?
— 7ನೇ ತರಗತಿ, ಕಾರವಾರ

ಮೋಸ ಅಲ್ಲ ಪುಟ್ಟಾ. ವಿಮಾನಕ್ಕೆ ಮೂರು ಲೆಕ್ಕ ಇರುತ್ತದೆ. ಎಷ್ಟು ಗಂಟೆ ಹಾರಿತು, ಎಷ್ಟು ಸಲ ಏರಿ ಇಳಿಯಿತು, ಎಷ್ಟು ದಿನ ಕಳೆಯಿತು. ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಸರ್ವಿಸ್. ನಿಂತಿದ್ದರೂ ದಿನ ಹೋಗುತ್ತಲೇ ಇರುತ್ತದಲ್ಲ. ಟಯರು ಒಂದೇ ಕಡೆ ಒತ್ತಿ ಚಪ್ಪಟೆಯಾಗುತ್ತದೆ, ರಬ್ಬರ್ ಒಣಗುತ್ತದೆ, ಪೈಪಿನ ಬಾಯಲ್ಲಿ ಹುಳ ಗೂಡು ಕಟ್ಟುತ್ತದೆ. ಸಮುದ್ರದ ಹತ್ತಿರ ಆದರೆ ಉಪ್ಪುಗಾಳಿ ಬೇರೆ. ನಿಮ್ಮ ಮನೆಯ ಗೇಟು ಎರಡು ಮಳೆಗಾಲಕ್ಕೆ ಹೇಗಾಗುತ್ತದೆ ನೋಡಿದ್ದೀಯಲ್ಲ? ಬೀಚಿನ ವಿಮಾನ ಇನ್ನು ಹಾರಬೇಕಾಗಿಲ್ಲ, ಹಾಗಾಗಿ ಅದಕ್ಕೆ ಎ ಚೆಕ್ ಬೇಡ. ತೊಳೆಯುವುದು, ಬಣ್ಣ ಹೊಡೆಯುವುದು ಮಾತ್ರ ತಪ್ಪುವುದಿಲ್ಲ.

ಚಾಪೆಲ್ ಯುದ್ಧನೌಕೆಯ ಜೊತೆಗಿರುವ ಆ ವಿಮಾನದ ಹೆಸರು ಟುಪೊಲೆವ್ 142. ನಮ್ಮ ನೌಕಾಪಡೆಗೆ ಈ ಜಾತಿಯ ವಿಮಾನ ಬಂದದ್ದು 1988ರಲ್ಲಿ. ಮೊದಲು ಇದ್ದದ್ದು ಇಲ್ಲೇ ಪಕ್ಕದ ಗೋವಾದಲ್ಲಿ, ಆಮೇಲೆ ತಮಿಳುನಾಡಿನ ಅರಕ್ಕೋಣಂಗೆ ಹೋದವು. 2017ರಲ್ಲಿ ನಿವೃತ್ತಿ. 29 ವರ್ಷ ಸಮುದ್ರದ ಮೇಲೆ ಸುತ್ತಿದವು, ಅಷ್ಟು ವರ್ಷ ಯಾರೋ ದಿನಾ ಉಪ್ಪು ತೊಳೆದಿದ್ದಾರೆ.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡು. ಅದರ ಇಂಜಿನ್ ಎಣಿಸು, ಆಮೇಲೆ ಪಂಖ ಎಣಿಸು. ಇಂಜಿನ್ ನಾಲ್ಕೇ. ಆದರೆ ಒಂದೊಂದರ ಮೂಗಿನಲ್ಲೂ ಒಂದರ ಹಿಂದೆ ಒಂದು ಎರಡೆರಡು ಪಂಖ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಯಾಕೆ ಹಾಗೆ ಅಂತ ಯೋಚಿಸಿ ಪತ್ರ ಬರೆ. ನಿನ್ನ ಉತ್ತರವನ್ನು ಮಗಳಿಗೆ ತೋರಿಸುತ್ತೇನೆ.